ಡಿಕ್ಕಿ ಆಟದಲ್ಲಿ ಅಪ್ಪನ ಸೊನ್ನೆ

ಎರಡು ಸಾವಿರದ ದಶಕದ ನಡುವಿನ ಮಾತು. ಬಿ.ಎ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ಹಿರಿಯೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರೊಂದರಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದೆ. ಅಮ್ಮ ನೆಂಟರಿಗೆಲ್ಲ ಮಗಳು ಕಂಪ್ಯೂಟರ್ ಇಂಜಿನಿಯರ್ ಎಂದು ಹೇಳಿಕೊಂಡು ಬರುತ್ತಿದ್ದಳು. ಇಂಜಿನಿಯರ್ ಮಾಡುತ್ತಿದ್ದದ್ದು ಇಷ್ಟು: ಬೆಳಿಗ್ಗೆ ಕಸ ಗುಡಿಸುವುದು, ಊದುಬತ್ತಿ ಹಚ್ಚುವುದು, ಎಂಟು ಕಂಪ್ಯೂಟರ್ ಆನ್ ಮಾಡುವುದು, ಬಂದವರ ಟೈಮ್ ಬರೆದುಕೊಳ್ಳುವುದು. ಯಾವುದಾದರೂ ಕಂಪ್ಯೂಟರ್ ಮುನಿಸಿಕೊಂಡರೆ ಪ್ಲಗ್ ಕಿತ್ತು ಮತ್ತೆ ಚುಚ್ಚುವುದು. ನೂರಕ್ಕೆ ತೊಂಬತ್ತು ಸಲ ಅದು ಸರಿಹೋಗುತ್ತಿತ್ತು. ಉಳಿದ ಹತ್ತು ಸಲ ಗಿರಾಕಿಯನ್ನು ಪಕ್ಕದ ಕಂಪ್ಯೂಟರಿಗೆ ಕೂರಿಸುತ್ತಿದ್ದೆ.

ಇಂಟರ್ನೆಟ್ ಇರುವುದು ಜ್ಞಾನಕ್ಕೆ ಎಂದು ನಮ್ಮ ಗೋಡೆಯ ಮೇಲೊಂದು ಬೋರ್ಡ್ ಇತ್ತು. ಜ್ಞಾನಕ್ಕೆ ಜನ ಬರುತ್ತಿದ್ದದ್ದು ವರ್ಷಕ್ಕೆ ಎರಡು ದಿನ: ಎಸ್ಸೆಸ್ಸೆಲ್ಸಿ ರಿಸಲ್ಟಿಗೊಮ್ಮೆ, ಪಿಯುಸಿ ರಿಸಲ್ಟಿಗೊಮ್ಮೆ. ಉಳಿದ ದಿನ ನಮ್ಮನ್ನು ಸಾಕಿದ್ದು ಒಂದು ಕಾರಿನ ಆಟ. ಬ್ರೌಸರಿನಲ್ಲೇ ತೆರೆದುಕೊಳ್ಳುವ ಆಟ ಅದು. ವಿಳಾಸ ಹೊಡೆದು ಎಂಟರ್ ಒತ್ತಿದರೆ ನಮ್ಮ ಲೈನಿನ ವೇಗಕ್ಕೆ ಐದು ನಿಮಿಷ ಒಂದು ಪಟ್ಟಿ ತುಂಬುತ್ತ ಕೂರುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಗದಿದ್ದರೆ ಒಂದು ಕೆಂಪು ಕಾರು ಬರುತ್ತಿತ್ತು. ಮೇಲಿನಿಂದ ನೋಡಿದಂತೆ ಕಾಣುವ ರಸ್ತೆ, ಹೆಜ್ಜೆಗೊಂದು ಸರ್ಕಲ್ಲು, ಎಡದಿಂದಲೂ ಬಲದಿಂದಲೂ ನುಗ್ಗುವ ಗಾಡಿಗಳು. ಅವುಗಳಿಗೆ ಹೋಗಿ ಡಿಕ್ಕಿ ಹೊಡೆಯಬೇಕು. ಒಂದು ಡಿಕ್ಕಿಗೆ ಒಂದು ಪಾಯಿಂಟು. ಢಂ ಎಂದು ಸದ್ದಾಗಿ, ಬೆಂಕಿ ಹಾರಿ, ನಮ್ಮ ಕಾರು ಏನೂ ಆಗದಂತೆ ಮುಂದೆ ಹೊರಡುತ್ತಿತ್ತು. ಮೂರು ನಿಮಿಷ ಯಾರಿಗೂ ಗುದ್ದದೆ ಹೋದರೆ ಸೊನ್ನೆ ಬಂದು, ಆಟವೇ ಇಂಗ್ಲಿಷಿನಲ್ಲಿ ನಿಮ್ಮನ್ನು ಮೂದಲಿಸುತ್ತಿತ್ತು.

ಆಡುತ್ತಿದ್ದವರೆಲ್ಲ ಪೋಲಿ ಹುಡುಗರು ಎಂದುಕೊಳ್ಳಬೇಡಿ. ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು ಬರುತ್ತಿದ್ದರು, ಕೊನೆಯ ಕ್ಯಾಬಿನ್ನಿನಲ್ಲಿ ಪರದೆ ಎಳೆದುಕೊಂಡು ಆಡುತ್ತಿದ್ದರು. ಶೇಂಗಾ ವ್ಯಾಪಾರದ ಸಾಹುಕಾರರೊಬ್ಬರು ಆಡುತ್ತಿದ್ದರು, ಪ್ರತಿ ಡಿಕ್ಕಿಗೂ ದೇವರ ಹೆಸರು ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಮಾಡಿದ್ದವರು ಗಾಡಿಗಳಿಗೆ ಇನ್ಶೂರೆನ್ಸ್ ಮಾಡಿಸುವ ಏಜೆಂಟರು. ಮೂರು ನಿಮಿಷಕ್ಕೆ ನೂರಾ ಹದಿನೇಳು ಗಾಡಿಗಳನ್ನು ಉಡಾಯಿಸಿ ಎದ್ದು, ಕರ್ಚೀಫಿನಿಂದ ಮುಖ ಒರೆಸಿಕೊಂಡು, ಹೊರಗೆ ಹೋಗಿ ಇನ್ನೊಬ್ಬರಿಗೆ ರಸ್ತೆ ಸುರಕ್ಷತೆಯ ಬಗ್ಗೆ ಹೇಳುತ್ತಿದ್ದರು.

ಇಂಥ ಜಾಗಕ್ಕೆ ದಿನಾ ಮಧ್ಯಾಹ್ನ ನನ್ನ ಅಪ್ಪ ಬರುತ್ತಿದ್ದ. ಅಪ್ಪ ಹಿರಿಯೂರಿನಿಂದ ಹರಿಯಬ್ಬೆ ಮೇಲೆ ಧರ್ಮಪುರಕ್ಕೆ ಹೋಗುವ ಸರ್ಕಾರಿ ಬಸ್ಸಿನ ಡ್ರೈವರ್. ಅದಕ್ಕೂ ಮೊದಲು ಬಹಳ ವರ್ಷ ಹೊಳಲ್ಕೆರೆ–ಸಿರಿಗೆರೆ ಕಡೆ ಓಡಿಸಿದ್ದ. ಬಾಗಿಲಿಗೆ ಜೋತುಬೀಳುವ ಕಾಲೇಜು ಹುಡುಗರನ್ನು ತುಂಬಿಕೊಂಡು ಹೋಗಿ ಬಂದರೂ ಒಬ್ಬರ ಚಪ್ಪಲಿ ಕೂಡ ಬೀಳಿಸಿರಲಿಲ್ಲ. ಒಮ್ಮೆ ನಡುರಸ್ತೆಯಲ್ಲಿ ಮಲಗಿದ್ದ ನಾಯಿ ಎದ್ದು ಮೈಮುರಿದು ಹೋಗುವವರೆಗೆ ಬಸ್ ನಿಲ್ಲಿಸಿಕೊಂಡಿದ್ದನಂತೆ. ಆ ಕಥೆಯನ್ನು ಅವನೇ ಹೇಳುತ್ತಿದ್ದ, ಪ್ರತಿ ಸಲವೂ ನಾಯಿ ಸ್ವಲ್ಪ ಹೆಚ್ಚು ಹೊತ್ತು ಮಲಗುತ್ತಿತ್ತು.

ಅವನಿಗಿದ್ದದ್ದು ಒಂದೇ ಆಸೆ. ರಿಟೈರ್ ಆಗಲು ಎರಡು ವರ್ಷ ಉಳಿದಿತ್ತು. ಅಲ್ಲಿಯವರೆಗೆ ಸ್ಟೇರಿಂಗ್ ಕೈಯಲ್ಲೇ ಇರಬೇಕು, ಅಪಘಾತವಿಲ್ಲದೆ ಓಡಿಸಿದವರಿಗೆ ಕೊಡುವ ಬೆಳ್ಳಿ ಪದಕ ಆ ವರ್ಷ ತನಗೆ ಬರಬೇಕು. ಕಣ್ಣು ಮಂಜಾದ, ಕೈ ನಡುಗುವ ಡ್ರೈವರುಗಳನ್ನು ಡಿಪೋದವರು ಗೇಟಿಗೆ ಹಾಕುತ್ತಿದ್ದರು. ಒಳಗೆ ಬರುವ, ಹೊರಗೆ ಹೋಗುವ ಬಸ್ಸುಗಳ ನಂಬರ್ ಬರೆಯುವ ಕೆಲಸ. ಅಪ್ಪ ಆ ಗೇಟಿನ ಮುಂದೆ ಹಾಯುವಾಗ ಅಲ್ಲಿ ಕುಳಿತ ಹಳೆಯ ಸ್ನೇಹಿತನ ಮುಖವನ್ನೂ ನೋಡುತ್ತಿರಲಿಲ್ಲ.

ಅವನ ಬಸ್ಸು ಮಧ್ಯಾಹ್ನ ಹಿರಿಯೂರಿನಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ಬುತ್ತಿ ಹಿಡಿದು ಬರುತ್ತಿದ್ದ, ಇಬ್ಬರೂ ಕೌಂಟರಿನ ಹಿಂದೆ ಕುಳಿತು ಉಣ್ಣುತ್ತಿದ್ದೆವು. ಒಂದು ದಿನ ಉಣ್ಣುತ್ತ ಉಣ್ಣುತ್ತ ಅವನ ಕಣ್ಣು ಏಜೆಂಟರ ಸ್ಕ್ರೀನಿನ ಮೇಲೆ ಬಿತ್ತು.

"ಏನ್ ಮಾಡ್ತಾ ಅವ್ರೆ ಅವ್ರು?"

"ಆಟ ಕಣಪ್ಪ. ಗುದ್ದಿದ್ರೆ ಪಾಯಿಂಟ್ ಬರ್ತವೆ."

"ಗುದ್ದಿದ್ರೆ ಪಾಯಿಂಟಾ? ಗುದ್ದಿದ್ರೆ ಕೇಸ್ ಬೀಳ್ತೈತೆ!"

ಒಂದು ವಾರ ಅವನು ಈ ಆಟವನ್ನು ಬೈದ. ದೇಶ ಹಾಳಾಗಿದ್ದು ಯಾಕೆ ಎಂದು ಕಂಡಕ್ಟರಿಗೂ ವಿವರಿಸಿದನಂತೆ. ಎಂಟನೆಯ ದಿನ, ಸೆಂಟರಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, "ಆ ರಸ್ತೆ ಎಂಥದೈತೆ, ಒಂದ್ ಸಲ ನೋಡಾಣ" ಎಂದ.

ಚಪ್ಪಲಿ ಹೊರಗೆ ಬಿಟ್ಟ. ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಕುರ್ಚಿಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಕಾಲಿಗೆ ಸಿಗದ ಬ್ರೇಕನ್ನು ಸ್ವಲ್ಪ ಹೊತ್ತು ಹುಡುಕಿದ. ಬಾಣದ ಗುರುತಿನ ನಾಲ್ಕು ಕೀ ತೋರಿಸಿದೆ.

"ಹಾರನ್ ಎಲ್ಲೈತೆ?"

"ಹಾರನ್ ಇಲ್ಲಪ್ಪ."

"ಹಾರನ್ ಇಲ್ದಿರೋ ಗಾಡಿನ ಡಿಪೋದಿಂದ ಹೊರಗೇ ಬಿಡಬಾರ್ದು" ಎಂದು ಗೊಣಗುತ್ತಲೇ ಕಾರು ಬಿಟ್ಟ.

ಮೂರು ನಿಮಿಷಕ್ಕೆ ಹದಿನಾಲ್ಕು ಡಿಕ್ಕಿಯಾಯಿತು. ಅಷ್ಟು ಕಡಿಮೆ ಪಾಯಿಂಟನ್ನು ಆ ಕಂಪ್ಯೂಟರ್ ಅದುವರೆಗೆ ಕಂಡಿರಲಿಲ್ಲ. ಆದರೆ ಅಪ್ಪ ಹದಿನಾಲ್ಕು ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಬೇಕಾದವನಂತೆ ಬೆವರಿ ಕುಳಿತಿದ್ದ. ಮಾರನೆಯ ದಿನ ಊಟ ಬಿಟ್ಟು ನೇರ ಕಂಪ್ಯೂಟರಿಗೇ ಹೋದ. ಅವತ್ತಿನಿಂದ ಹಿರಿಯೂರಿನಲ್ಲಿ, ಬಹುಶಃ ಭೂಮಿಯ ಮೇಲೆಯೇ, ಆ ಆಟವನ್ನು ಸೊನ್ನೆಗಾಗಿ ಆಡುವವನು ಅವನೊಬ್ಬನೇ ಆದ.

ಊರಿಗೆಲ್ಲ ಅದೊಂದು ತಮಾಷೆಯಾಯಿತು. ಇತಿಹಾಸದ ಮೇಷ್ಟ್ರು ಪರದೆ ಸರಿಸಿ ಬಂದು ಹಿಂದೆ ನಿಲ್ಲುತ್ತಿದ್ದರು. ಸರ್ಕಲ್ ಬಂದಾಗ ಅಪ್ಪ ನಿಧಾನಿಸುವುದು, ಬಲದಿಂದ ಬಂದ ಲಾರಿಗೆ ದಾರಿ ಬಿಟ್ಟು "ಹೋಗಪ್ಪ, ನೀನೇ ಹೋಗು" ಎಂದು ಸ್ಕ್ರೀನಿಗೆ ಕೈ ತೋರಿಸುವುದು ನೋಡಿ ಏಜೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಡ್ರೈವರ್ ಸಾಹೇಬ್ರೆ, ಎಲ್ರೂ ನಿಮ್ಮಂಗಾದ್ರೆ ನಮ್ ಹೊಟ್ಟೆಪಾಡೇನ್ರಿ?"

"ನಿಮ್ ಹೊಟ್ಟೆಪಾಡಿಗೆ ನಾನ್ ಗುದ್ದಾಕಾಗಲ್ಲ, ಸುಮ್ಕಿರ್ರಿ" ಎನ್ನುತ್ತಿದ್ದ ಅಪ್ಪ, ಕಣ್ಣು ಕೀಳದೆ.

ಹದಿನಾಲ್ಕು ಹತ್ತಾಯಿತು, ಹತ್ತು ಎಂಟಾಯಿತು, ಆರಕ್ಕೆ ಬಂದು ನಿಂತಿತು. ಎಷ್ಟು ಜತನದಿಂದ ಓಡಿಸಿದರೂ ಆರಕ್ಕಿಂತ ಕೆಳಗೆ ಇಳಿಯಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಬೇಜಾರಾಗಿ ನಾನೂ ಅವನ ಹಿಂದೆ ನಿಂತು ನೋಡಿದೆ. ಬಲದಿಂದ ಬರುವ ಗಾಡಿಗಳನ್ನು ದೂರದಿಂದಲೇ ಗುರುತಿಸುತ್ತಿದ್ದ. ಎಡದಿಂದ ಬಂದವುಗಳ ಮುಂದೆ ಬ್ರೇಕನ್ನೇ ಒತ್ತುತ್ತಿರಲಿಲ್ಲ. ನುಗ್ಗಿ ಹೋಗಿ ಢಂ ಎನಿಸಿ, "ಇದೆಲ್ಲಿಂದ ಬಂತು ಮಾರಾಯ್ತಿ!" ಎನ್ನುತ್ತಿದ್ದ. ಆರಕ್ಕೆ ಆರೂ ಎಡಗಡೆಯವು.

ನಾನು ಇಂಜಿನಿಯರ್ ತಾನೆ? ಕೀಬೋರ್ಡ್ ಕೆಟ್ಟಿದೆ ಎಂದುಕೊಂಡು ಬೇರೆಯದು ಹಾಕಿದೆ. ಮತ್ತೆ ಆರು. ಪ್ಲಗ್ ಕಿತ್ತು ಚುಚ್ಚಿದೆ. ಆರು. ಪಕ್ಕದ ಕಂಪ್ಯೂಟರಿಗೆ ಕೂರಿಸಿದೆ. ಏಳು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಎರಡು ದಿನ ಬಿಟ್ಟು ಅವನು ಆಡುತ್ತಿದ್ದಾಗ ಚಹಾ ತಂದು ಕೀಬೋರ್ಡಿನ ಎಡಕ್ಕೆ ಇಟ್ಟೆ. ಐದು ನಿಮಿಷವಾದ ಮೇಲೆ ಅವನು ಕೇಳಿದ: "ಚಾ ತರ್ತೀನಂದೆ, ಎಲ್ಲವ್ವ?" ಲೋಟ ಅವನ ಮೊಣಕೈಗೆ ಗೇಣು ದೂರದಲ್ಲಿತ್ತು, ಹಬೆ ಆಡುತ್ತಿತ್ತು. ನಾನು ಅದನ್ನೆತ್ತಿ ಕೀಬೋರ್ಡಿನ ಬಲಕ್ಕೆ ಇಟ್ಟೆ.

ಆಮೇಲೆ ಒಂದೊಂದೇ ನೆನಪಾದವು. ಮನೆಯ ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿಸಿಕೊಂಡು ಬಡಗಿಯನ್ನು ಬೈಯುತ್ತಿದ್ದದ್ದು. ಪೇಪರ್ ಓದುವಾಗ "ಈಗಿನೋರಿಗೆ ಒಂದ್ ಸಾಲು ಸರಿಯಾಗಿ ಶುರು ಮಾಡಾಕೇ ಬರಲ್ಲ" ಎಂದು ಪತ್ರಕರ್ತರನ್ನು ಹೀಯಾಳಿಸುತ್ತಿದ್ದದ್ದು. ಬಸ್ಸಿನ ಎಡಮೈ ಮೇಲೆ ಮುಳ್ಳುಕಂಟಿ ಗೀರಿದ ಗೆರೆಗಳು ಹೆಚ್ಚಾದಾಗ, ಎಡಗಡೆ ನೋಡಿಕೊಳ್ಳುವುದು ಕಂಡಕ್ಟರನ ಕೆಲಸ ಎಂದು ಅವನ ಮೇಲೆ ಹಾಕಿದ್ದದ್ದು. ನಾವೆಲ್ಲ ಇವಕ್ಕೆ ನಕ್ಕಿದ್ದೆವು.

ಅದರ ಮರುವಾರವೇ ಡಿಪೋದಲ್ಲಿ ಡ್ರೈವರುಗಳ ಕಣ್ಣಿನ ಪರೀಕ್ಷೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಹೇಳುವ ಕಷ್ಟದ ಕೆಲಸ ಡಾಕ್ಟರರ ಪಾಲಿಗೆ ಹೋಯಿತಲ್ಲ ಎಂದು. ಆದರೆ ಅಪ್ಪ ಆ ಸಂಜೆ ಪೇಡದ ಡಬ್ಬಿ ಹಿಡಿದು ಮನೆಗೆ ಬಂದ. ಪಾಸು! ಪದಕದ ಪಟ್ಟಿಗೂ ಹೆಸರು ಹೋಗಿತ್ತು.

"ಎಲ್ಲಾ ಅಕ್ಷರ ಓದಿದ್ಯಾ?" ಎಂದು ಕೇಳಿದೆ.

"ಓದಾದೇನು ಬಂತು? ಪ್ರತಿ ಸಲ ಅದೇ ಚಾರ್ಟು ಕಣವ್ವ. ಡಿಪೋದಾಗೆ ಎಲ್ರಿಗೂ ಬಾಯಿಪಾಠ."

ಇಂಗ್ಲಿಷ್ ಅಕ್ಷರಗಳು ಅವನಿಗೆ ಅಷ್ಟಕ್ಕಷ್ಟೇ. ಅದಕ್ಕೇ ಡ್ರೈವರುಗಳೆಲ್ಲ ಚಾರ್ಟನ್ನು ತಂತಮ್ಮ ರೂಟಿನಂತೆ ಕಲಿತಿದ್ದರು. ಅಪ್ಪ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನನಗೆ ಒಪ್ಪಿಸಿದ: ಮೇಲಿನ ದೊಡ್ಡ ಅಕ್ಷರ ಹಿರಿಯೂರು, ಅಲ್ಲಿ ಒಬ್ಬನೇ ಹತ್ತುತ್ತಾನೆ. ಎರಡನೆಯ ಸಾಲಿನ ಸ್ಟಾಪಿನಲ್ಲಿ ಇಬ್ಬರು, ಎಫ್ ಮತ್ತು ಪಿ. ನಡುವಿನ ಸಾಲು ಹರಿಯಬ್ಬೆ, ಕೊನೆಯ ಸಣ್ಣ ಸಾಲು ಧರ್ಮಪುರ, ಅಲ್ಲಿ ಸಂತೆಯ ದಿನದ ಹಾಗೆ ಗುಂಪು. ಒಬ್ಬ ಪ್ರಯಾಣಿಕನನ್ನೂ ಬಿಡದೆ ಹೇಳಿದ. ಸಿರಿಗೆರೆ ರೂಟಿನವರದು ಬೇರೆ ಪಾಠ, ಹೊಸದುರ್ಗದವರದು ಇನ್ನೊಂದಂತೆ. ಇಷ್ಟು ಬುದ್ಧಿಯನ್ನು ಕಣ್ಣು ತೋರಿಸಿಕೊಳ್ಳುವುದಕ್ಕೆ ಖರ್ಚು ಮಾಡಿದ್ದರೆ ಅರ್ಧ ಡಿಪೋಗೆ ಕನ್ನಡಕ ಬಂದಿರುತ್ತಿತ್ತು.

ಅಮ್ಮ ನಕ್ಕಳು. ನಾನೂ ಪೇಡ ತಿಂದು ನಕ್ಕೆ. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಅವನ ಮುಖದಲ್ಲಿ ಅಷ್ಟು ಸಂತೋಷ ನೋಡಿ ಬಹಳ ದಿನವಾಗಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತ ಎರಡು ವಾರ ಕಳೆದೆ. ದಿನಾ ಮಧ್ಯಾಹ್ನ ಅವನ ಬಸ್ಸು ಬಂದು ನಿಂತ ಸದ್ದು ಕೇಳಿದರೆ ಉಸಿರು ಬಿಡುತ್ತಿದ್ದೆ, ಮತ್ತೆ ಹೊರಟಾಗ ಉಸಿರು ಹಿಡಿಯುತ್ತಿದ್ದೆ. ಹೇಡಿತನಕ್ಕೆ ನಾನು ಆಗ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ.

ಕೊನೆಗೆ ಬಾಯಿ ಬಿಟ್ಟು ಹೇಳುವ ಧೈರ್ಯ ಬರಲೇ ಇಲ್ಲ. ಒಂದು ಮಧ್ಯಾಹ್ನ ಅವನು ಆಟಕ್ಕೆ ಕುಳಿತಾಗ ಹಿಂದೆ ನಿಂತು, "ಅಪ್ಪ, ಇವತ್ತು ನಾನು ಕಂಡಕ್ಟರ್. ನಾನು ಎಡ ಅಂದ್ರೆ ಬ್ರೇಕ್ ಹೊಡಿ" ಎಂದೆ.

"ರೈಟ್ ಹೇಳು ಮತ್ತೆ" ಎಂದ, ಖುಷಿಯಾಗಿ.

"ರೈಟ್" ಎಂದೆ. ಕಾರು ಹೊರಟಿತು. ಮೊದಲ ಸರ್ಕಲ್ಲಿನಲ್ಲಿ "ಎಡ!" ಎಂದೆ, ಬ್ರೇಕ್ ಒತ್ತಿದ. ಒಂದು ಹಳದಿ ವ್ಯಾನು ದಾಟಿ ಹೋಯಿತು. ಮತ್ತೆ "ಎಡ!" ಎಂದೆ. ಬಲಗಡೆಯವನ್ನು ಅವನೇ ನೋಡಿಕೊಂಡ. ಮೂರು ನಿಮಿಷ ಮುಗಿಯಿತು, ಸ್ಕ್ರೀನಿನ ಮೇಲೆ ದೊಡ್ಡ ಸೊನ್ನೆ ಬಂತು. ಆಟ ತನ್ನ ಇಂಗ್ಲಿಷಿನಲ್ಲಿ ಮೂದಲಿಸಿತು. ಏಜೆಂಟರು ಎದ್ದು ಬಂದು ಚಪ್ಪಾಳೆ ತಟ್ಟಿದರು, ಮೇಷ್ಟ್ರು ಕೈ ಕುಲುಕಿದರು. ಅಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದ, ಮುಖವೆಲ್ಲ ನಗು.

ಆಮೇಲೆ ಕುಳಿತುಕೊಂಡ. ಸ್ವಲ್ಪ ಹೊತ್ತು ಸೊನ್ನೆಯನ್ನೇ ನೋಡಿದ.

"ಅವು ನಿನಗೆ ಕಾಣ್ತಿದ್ವಾ?" ಎಂದು ಮೆಲ್ಲಗೆ ಕೇಳಿದ.

"ಹೂಂ."

"ಎಲ್ಲಾ?"

"ಎಲ್ಲಾ ಅಪ್ಪ. ಎಲ್ರಿಗೂ ಕಾಣ್ತವೆ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ, ಎಡಗಾಲಿನದನ್ನು ಕಾಲಲ್ಲೇ ತಡಕಾಡಿ. ಬುತ್ತಿ ಬಿಚ್ಚಿರಲೇ ಇಲ್ಲ. ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ್ ಮುಂದೆ ನಿಂತು, ಮಧ್ಯಾಹ್ನದ ಟ್ರಿಪ್ಪಿಗೆ ಬೇರೆ ಡ್ರೈವರ್ ನೋಡ್ಕಳ್ರಿ, ನನಗೆ ಎಡಗಡೆ ಕಾಣಲ್ಲ ಎಂದನಂತೆ. ತಮಾಷೆ ಎಂದುಕೊಂಡು ಅವರು, "ಹಂಗಾದ್ರೆ ಬಲಗಡೆ ನೋಡ್ಕಂಡು ಓಡ್ಸಿ ಬಿಡಪ್ಪ" ಎಂದರಂತೆ. ಅಪ್ಪ ಬಸ್ಸಿನ ಲಾಗ್ ಶೀಟನ್ನು ಮೇಜಿನ ಮೇಲಿಟ್ಟು ಅಲ್ಲೇ ಕುಳಿತುಬಿಟ್ಟನಂತೆ.

ದಾವಣಗೆರೆಯ ಡಾಕ್ಟರು ಅವನ ಕಣ್ಣಿನ ಮುಂದೆ ಬೆರಳಾಡಿಸಿ, ತಲೆಯ ಸ್ಕ್ಯಾನ್ ಮಾಡಿಸಿ ಹೇಳಿದರು: ಕಣ್ಣು ಚೆನ್ನಾಗಿವೆ, ಮಿದುಳಿನಲ್ಲಿ ನೋಟಕ್ಕೆ ಸಂಬಂಧಪಟ್ಟ ಕಡೆ ಎಂದೋ ರಕ್ತ ನಿಂತು ಆ ಭಾಗ ಕೆಟ್ಟಿದೆ. ಬಿಪಿ ಜಾಸ್ತಿ ಇದ್ದವರಿಗೆ ಹೀಗೆ ಗೊತ್ತೇ ಆಗದೆ ಆಗುವುದುಂಟು. ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ, ವರ್ಷದ ಹತ್ತಿರ ಆಗಿರಬಹುದು ಎಂದರು. ಕಾಣದೆ ಹೋದದ್ದು ಮನುಷ್ಯನಿಗೆ ಕತ್ತಲಾಗಿ ಕೂಡ ಕಾಣುವುದಿಲ್ಲವಂತೆ, ಅಲ್ಲಿ ಏನೂ ಇಲ್ಲ ಎಂದೇ ಅವನು ತಿಳಿದಿರುತ್ತಾನಂತೆ.

ಅಪ್ಪನನ್ನು ಗೇಟಿಗೆ ಹಾಕಿದರು. ಆದರೆ ಪದಕ ತಪ್ಪಲಿಲ್ಲ. ಹೆಸರು ತೆಗೆಯಿರಿ ಎಂದು ಅವನೇ ಹೋಗಿ ಕೇಳಿಕೊಂಡ. ಗುಮಾಸ್ತರು ಫೈಲ್ ಬಿಚ್ಚಿ ತೋರಿಸಿದರು: ಅಪಘಾತ ಇಲ್ಲ, ದೂರು ಇಲ್ಲ. ಇಷ್ಟಿದ್ದ ಮೇಲೆ ಕೊಡದೆ ಇರುವುದಕ್ಕೆ ರೂಲ್ಸ್ ಇಲ್ಲ. ಹೀಗಾಗಿ ಅರ್ಧ ರಸ್ತೆ ಕಾಣದ ಡ್ರೈವರಿಗೆ ಚಿತ್ರದುರ್ಗದ ಸಮಾರಂಭದಲ್ಲಿ ಶಾಲು ಹೊದಿಸಿ, ಸುರಕ್ಷಿತ ಚಾಲನೆಗೆಂದು ಬೆಳ್ಳಿ ಪದಕ ಹಾಕಿದರು. ಫೋಟೋದಲ್ಲಿ ಅಪ್ಪನ ಎಡಕ್ಕೆ ನಿಂತ ಅಧಿಕಾರಿ ಕೈ ಚಾಚಿಕೊಂಡೇ ಇದ್ದಾರೆ. ಅಪ್ಪ ಎದುರಿಗೆ ನೋಡುತ್ತಿದ್ದಾನೆ.

ರೂಟಿನ ಜನಕ್ಕೆ ಸಿಹಿ ಹಂಚಬೇಕು ಎಂದು ಅವನಿಗೆ ಮನಸ್ಸಾಯಿತು. ಒಂದು ಭಾನುವಾರ ನಾನೂ ಅವನೂ ಅದೇ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಹರಿಯಬ್ಬೆಗೆ ಹೋದೆವು. ರಸ್ತೆಯ ಪಕ್ಕದ ಹೋಟ್ಲಿನಲ್ಲಿ ಐದಾರು ಜನ ಕುಳಿತಿದ್ದರು. "ಬರ್ರಿ ಡ್ರೈವರಣ್ಣ, ಕುಂತ್ಕಳ್ರಿ" ಎಂದು ಎದ್ದು ಜಾಗ ಕೊಟ್ಟರು. ಅಪ್ಪ ಪೇಡ ಹಂಚಿ, ತನಗೆ ಎಡಗಡೆ ಕಾಣುತ್ತಿರಲಿಲ್ಲ ಎಂಬುದನ್ನೂ ತಾನೇ ಹೇಳಿದ. ಯಾರೂ ಆಶ್ಚರ್ಯಪಡಲಿಲ್ಲ.

"ಅದು ನಮಗೆ ಗೊತ್ತಾಗಿತ್ತು ಬಿಡಣ್ಣ" ಎಂದ ಹೋಟ್ಲಿನವನು, ಲೋಟ ತೊಳೆಯುತ್ತ. "ಹೋದ ಸುಗ್ಗಿಯಿಂದ ನಿಮ್ ಬಸ್ಸು ಎಡಕ್ಕೆ ಎಳ್ಕಂಡು ಎಳ್ಕಂಡು ಬರ್ತಿತ್ತು. ಸದ್ದು ಕೇಳಿದ್ರೆ ಬೆಂಚು ಒಳಕ್ಕೆ ಎತ್ತಿಡ್ತಿದ್ವಿ."

"ನಮ್ಮ ಕುರಿಗಳ್ನೂ ನಿಮ್ ಬಸ್ ಹೋಗೋಗಂಟ ಹೊಲದಾಗೇ ನಿಲ್ಲಿಸ್ಕಂತಿದ್ವಿ" ಎಂದಳು ಪೇಡವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಹೆಂಗಸು. "ನಿಮ್ ಕಂಡಕ್ಟರೂ ಪಾಪ, ಬಾಗಿಲಾಗೇ ನಿಂತ್ಕಂಡು ಕೈ ಬೀಸ್ಕಂಡು ಬರೋನು."

ಆಟದ ಗಾಡಿಗಳು ಯಾರಿಗೂ ದಾರಿ ಬಿಡುವುದಿಲ್ಲ. ಅದಕ್ಕೇ ಅಲ್ಲಿ ಅವನಿಗೆ ಆರಕ್ಕಿಂತ ಕೆಳಗೆ ಇಳಿಯಲಾಗಿರಲಿಲ್ಲ.

"ಒಬ್ರಾದ್ರೂ ಹೇಳಬಾರ್ದಿತ್ತೇನಪ್ಪ?" ಎಂದ ಅಪ್ಪ.

"ಹೆಂಗ್ ಹೇಳಾದು? ನಿಮ್ಮಂಥೋರಿಗೆ? ನೊಂದ್ಕಂತೀರಿ ಅಂತ ಸುಮ್ಕಿದ್ವಿ."

ವಾಪಸ್ ಬಸ್ಸಿಗೆ ಕಾಯುತ್ತ ಇಬ್ಬರೂ ಆ ಬೆಂಚಿನ ಮೇಲೇ ಕುಳಿತೆವು. ಅವನು ಕೇಳಿದ:

"ನಿನಗ್ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ಕಣ್ಣಿನ ಪರೀಕ್ಷೆಗೂ ಮುಂಚೆ" ಎಂದೆ.

ಅಲ್ಲಿಂದ ಸೊನ್ನೆ ಬಂದ ದಿನದವರೆಗೆ ಎಷ್ಟು ಟ್ರಿಪ್ಪು ಓಡಿಸಿದ್ದ ಎಂಬ ಲೆಕ್ಕ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಅವನ ಎಡಕ್ಕೆ ಕುಳಿತಿದ್ದೆ. ನನ್ನನ್ನು ನೋಡಲು ಅವನು ಇಡೀ ಮೈ ತಿರುಗಿಸಬೇಕಾಯಿತು.

"ನಾನು ನೊಂದ್ಕಬಾರ್ದು ಅಂತ ಯಾರಾದ್ರೂ ಸಾಯ್ಬೇಕಿತ್ತೇನವ್ವ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಉತ್ತರ ನಿಜವಾಗಿಯೂ ಬೇಕಾದವನಂತೆ, ಬಸ್ಸು ಬರುವವರೆಗೂ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದ.